ನಲಿ-ಕಲಿ ಕೋಣೆಯ ಗದ್ದಲ: ಪುಟ್ಟ ಮಕ್ಕಳಿಗೆ ಮೆಲುದನಿ ಕಲಿಸುವುದು ಹೇಗೆ?

ಪ್ರಶ್ನೆ: ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ (ಪುಟ್ಟ ಮಕ್ಕಳು ಕಾರ್ಡ್, ಚಟುವಟಿಕೆಗಳ ಮೂಲಕ ಕಲಿಯುವ ಪದ್ಧತಿ) ತರಗತಿ ನೋಡಿಕೊಳ್ಳುತ್ತೇನೆ. 1ರಿಂದ 3ನೇ ತರಗತಿಯವರೆಗಿನ 28 ಮಕ್ಕಳು ಒಂದೇ ಕೋಣೆಯಲ್ಲಿದ್ದಾರೆ. ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ, ಕೂತು ಕಾರ್ಡ್ ಓದಲು ಶುರು ಮಾಡಿದ ಹತ್ತು ನಿಮಿಷಕ್ಕೆ ಕೋಣೆ ಸಂತೆಯಾಗುತ್ತದೆ. ಪಕ್ಕದ 5ನೇ ತರಗತಿಯ ಸರ್ ದಿನಾ ಬಾಗಿಲಿಗೆ ಬಂದು ಹೇಳುತ್ತಾರೆ. ಕೈ ಕಟ್ಟಿಸಿ, ಬಾಯಿ ಮೇಲೆ ಬೆರಳಿಡಿಸಿ ನೋಡಿದೆ. ಮಾತಾಡಿದವರ ಹೆಸರನ್ನು ಲೀಡರ್ ಕೈಯಲ್ಲಿ ಬೋರ್ಡಿನ ಮೇಲೆ ಬರೆಸಿದೆ. ಐದು ನಿಮಿಷ ಸುಮ್ಮನಿದ್ದು ಮತ್ತೆ ಅದೇ ಕಥೆ. ಸಂಜೆ ಹೊತ್ತಿಗೆ ನನ್ನ ಗಂಟಲು ಕಟ್ಟಿಹೋಗಿರುತ್ತದೆ. ಇಷ್ಟು ಚಿಕ್ಕವರಿಗೆ ಮೆಲ್ಲಗೆ ಮಾತಾಡುವುದನ್ನು ಕಲಿಸಲು ಆಗುತ್ತದೆಯೇ?

ಉತ್ತರ: ಖಂಡಿತ ಆಗುತ್ತದೆ. ಎರಡು ವಾರ ದಿನಕ್ಕೆ ಹತ್ತು ನಿಮಿಷ ಎತ್ತಿಡಿ. ಆಮೇಲೆ ಆಗಾಗ ನೆನಪು ಮಾಡಿಕೊಟ್ಟರೆ ನಡೆಯುತ್ತದೆ. ಆದರೆ ಶುರು ಮಾಡುವ ಮುನ್ನ ಒಂದು ತೀರ್ಮಾನ ಆಗಬೇಕು. ನಿಮ್ಮ ಕೋಣೆಯಲ್ಲಿ ಮೌನ ಬೇಕೆಂದು ಹೊರಟರೆ ಸೋಲುತ್ತೀರಿ, ಸೋಲಲೇಬೇಕು ಕೂಡ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಹುಟ್ಟಿದ್ದೇ ಮಕ್ಕಳು ಕಲಿಕೆಯ ಏಣಿಯ ತಮ್ಮ ತಮ್ಮ ಮೆಟ್ಟಿಲಲ್ಲಿ, ಒಬ್ಬರಿಗೊಬ್ಬರು ಓದಿ ಹೇಳುತ್ತ, ಕೇಳುತ್ತ ಕಲಿಯಲಿ ಎಂದು. ಐದು ತಟ್ಟೆಗಳಲ್ಲಿ ಸ್ವ-ಕಲಿಕೆಯ ತಟ್ಟೆಯೊಂದನ್ನು ಬಿಟ್ಟರೆ ಉಳಿದೆಲ್ಲ ಕಡೆ ಬಾಯಿ ಬಿಟ್ಟು ಮಾತಾಡದೆ ಕೆಲಸವೇ ಸಾಗದು. ಹಾಗಾಗಿ ಪ್ರತಿ ಮಗುವೂ ಎದುರಿಗಿರುವವರಿಗೆ ಕೇಳುವಷ್ಟು ಮಾತ್ರ ದನಿ ತೆಗೆಯಲಿ ಎಂಬುದೇ ಗುರಿಯಾಗಿರಲಿ.

ಕೋಣೆ ಹತ್ತೇ ನಿಮಿಷದಲ್ಲಿ ಕೈಮೀರುವುದಕ್ಕೆ ಮಕ್ಕಳ ಹಟ ಕಾರಣವಲ್ಲ. ಸುತ್ತ ಸದ್ದು ಏರಿದಾಗ ಮನುಷ್ಯನ ದನಿ ತಾನಾಗಿಯೇ ಏರುತ್ತದೆ. ಫ್ರಾನ್ಸಿನ ಕಿವಿ-ಮೂಗು-ಗಂಟಲು ವೈದ್ಯ ಎತಿಯೆನ್ ಲೊಂಬಾರ್ ಇದನ್ನು 1911ರಲ್ಲಿ ವಿವರಿಸಿದರು. ಕಿವುಡರಂತೆ ನಟಿಸುವವರನ್ನು ಪತ್ತೆಹಚ್ಚಲು ಈ ಗುಣವನ್ನೇ ಬಳಸಬಹುದು ಎಂದು ತೋರಿಸಿದರು: ಕಿವಿಯಲ್ಲಿ ಗದ್ದಲ ತುಂಬಿಸಿದರೆ ಕಿವಿ ಕೇಳುವವರ ಮಾತು ಅವರಿಗೆ ತಿಳಿಯದೆಯೇ ಜೋರಾಗುತ್ತದೆ. ನಿಮ್ಮ ಕೋಣೆಯಲ್ಲಿ ಆಗುತ್ತಿರುವುದೂ ಇದೇ. ಒಂದು ತಟ್ಟೆಯಲ್ಲಿ ಒಬ್ಬ ಜೋರಾಗಿ ಓದುತ್ತಾನೆ, ಪಕ್ಕದ ತಟ್ಟೆಯವಳಿಗೆ ತನ್ನ ದನಿಯೇ ಕೇಳದೆ ಅವಳೂ ಏರಿಸುತ್ತಾಳೆ, ಅದು ಮೂರನೆಯ ತಟ್ಟೆಗೆ ದಾಟುತ್ತದೆ. ದೊಡ್ಡವರು ಇದನ್ನು ಗಮನಿಸಿ ದನಿ ಇಳಿಸಿಕೊಳ್ಳಬಲ್ಲರು. ಐದಾರು ವರ್ಷದ ಮಗುವಿಗೆ ಆ ಹಿಡಿತ ಇನ್ನೂ ಬಂದಿರುವುದಿಲ್ಲ, ತಾನು ಎಷ್ಟು ಜೋರಾಗಿದ್ದೇನೆ ಎಂಬ ಅಂದಾಜೂ ಇರುವುದಿಲ್ಲ. ಅದಕ್ಕೇ ಇದನ್ನು ಅಕ್ಷರ ಕಲಿಸಿದಂತೆಯೇ ಹಂತ ಹಂತವಾಗಿ ಕಲಿಸಬೇಕು.

ಇಲ್ಲಿ ಸ್ವಲ್ಪ ಲೆಕ್ಕ ನೋಡೋಣ. ನೀವು ಮಾಡಬೇಕಾದ ಕೆಲಸ ಯಾವುದು ಎಂಬುದನ್ನು ಅದೇ ತೋರಿಸಿಕೊಡುತ್ತದೆ. ಸಾಮಾನ್ಯ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್ (ಸದ್ದಿನ ಅಳತೆ) ಇರುತ್ತದೆ. ಒಂದೇ ಮಟ್ಟದಲ್ಲಿ ಮಾತಾಡುತ್ತಿರುವವರಲ್ಲಿ ಅರ್ಧ ಜನರನ್ನು ನೀವು ಸುಮ್ಮನಾಗಿಸಿದರೆ ಕೋಣೆಯ ಸದ್ದು ಇಳಿಯುವುದು ಬರೀ 3 ಡೆಸಿಬೆಲ್. ಕಿವಿಗೆ ಅದು ಕಂಡೂ ಕಾಣದಷ್ಟು ವ್ಯತ್ಯಾಸ. 14 ಮಕ್ಕಳ ಬಾಯಿ ಮುಚ್ಚಿಸಿದ ಶ್ರಮಕ್ಕೆ ಸಿಗುವುದು ಇಷ್ಟೇ. ಅದೇ, ಮಾತಾಡುವವರು ಮತ್ತು ಕೇಳುವವರ ನಡುವಿನ ದೂರ ಅರ್ಧವಾದರೆ ಕೇಳುವವರ ಕಿವಿಗೆ ಹೆಚ್ಚುಕಡಿಮೆ 6 ಡೆಸಿಬೆಲ್ ಲಾಭವಾಗುತ್ತದೆ. ಅಂದರೆ ಮಗು ತನ್ನ ದನಿಯನ್ನು ಅಷ್ಟು ಇಳಿಸಿದರೂ ಮಾತು ಮುಟ್ಟುತ್ತದೆ. ಎಲ್ಲರೂ ಹೀಗೆ ಇಳಿಸಿದರೆ ಇಡೀ ಕೋಣೆ ಅಷ್ಟೂ ಇಳಿಯುತ್ತದೆ, ಒಬ್ಬರ ಮಾತೂ ನಿಲ್ಲಬೇಕಿಲ್ಲ.

ಆದ್ದರಿಂದ ನಾಳೆ ಬೆಳಗ್ಗೆ ಮಾಡಬೇಕಾದ ಮೊದಲ ಕೆಲಸ ಕೂರಿಸುವ ಬಗೆ ಬದಲಿಸುವುದು. ನಾಲ್ಕಡಿ ಅಗಲದ ದುಂಡು ಮೇಜಿನ ಆ ಬದಿ ಒಬ್ಬ, ಈ ಬದಿ ಒಬ್ಬ ಕೂತು ಜೋಡಿಯಾಗಿ ಓದಿದರೆ ಅವರು ಕೂಗಲೇಬೇಕಾಗುತ್ತದೆ. ಜೋಡಿಗಳು ಪಕ್ಕಪಕ್ಕದಲ್ಲಿ, ನೆಲದ ಮೇಲಾದರೆ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರಲಿ. ಕಾರ್ಡ್ ಇಬ್ಬರ ನಡುವೆ ಒಂದೇ ಇರಲಿ. ಇಬ್ಬರ ಕೈಯಲ್ಲೂ ಒಂದೊಂದು ಕಾರ್ಡ್ ಇದ್ದರೆ ಇಬ್ಬರೂ ಒಟ್ಟಿಗೆ ಓದಲು ಶುರು ಮಾಡುತ್ತಾರೆ. ಶಿಕ್ಷಕರ ಸಂಪೂರ್ಣ ನೆರವಿನ ತಟ್ಟೆ ಕೋಣೆಯ ಒಂದು ಮೂಲೆಯಲ್ಲಿದ್ದು, ಸ್ವ-ಕಲಿಕೆಯ ತಟ್ಟೆ ಅದರ ಪಕ್ಕಕ್ಕೆ ಬಂದರೆ, ನಿಮ್ಮ ಮಾತಿಗೆ ಪೈಪೋಟಿ ಕೊಡುವ ತಟ್ಟೆಗಳು ದೂರ ಸರಿಯುತ್ತವೆ.

ಇನ್ನು ದನಿಯ ಪಾಠ. ‘ಮೆಲ್ಲಗೆ ಮಾತಾಡಿ’ ಎಂದರೆ ಎಷ್ಟು ಮೆಲ್ಲಗೆ ಎಂಬುದು ಮಗುವಿಗೆ ಗೊತ್ತಾಗುವುದಿಲ್ಲ. ದೂರವಾದರೆ ಕಣ್ಣಿಗೆ ಕಾಣುತ್ತದೆ, ಕೈಯಿಂದ ಅಳೆಯಬಹುದು. ದನಿಗಳಿಗೆ ದೂರದ ಹೆಸರಿಡಿ. ಮೊಳದ ದನಿ ಜೋಡಿಗೆ, ಮಾರಿನ ದನಿ ಇಡೀ ತಟ್ಟೆಗೆ, ಗೋಡೆಯ ದನಿ ಕೋಣೆಗೆಲ್ಲ ಕೇಳುವಂತೆ ನಿಂತು ಹೇಳುವಾಗ, ಬಯಲ ದನಿ ಮೈದಾನಕ್ಕೆ. ನಾಲ್ಕೇ ಸಾಕು. ಗೋಡೆಯ ಮೇಲೆ ಚಾರ್ಟ್ ಬರೆಯುವ ಮೊದಲು ಮಕ್ಕಳ ಕೈಯಲ್ಲೇ ಅಳೆಯಿಸಿ: ಮೊಣಕೈಯಿಂದ ಬೆರಳ ತುದಿವರೆಗೆ ಒಂದು ಮೊಳ, ನೀವು ಎರಡೂ ಕೈ ಚಾಚಿ ನಿಂತರೆ ಒಂದು ಮಾರು. ನೆಲದ ಮೇಲೆ ಸೀಮೆಸುಣ್ಣದಿಂದ ಎರಡನ್ನೂ ಎಳೆದು ಬಿಡಿ. ಸೊನ್ನೆಯಿಂದ ಐದರವರೆಗೆ ಅಂಕಿ ಕೊಟ್ಟು ಮಾಡುವ ದನಿ ಪಟ್ಟಿಗಳೂ ಬಳಕೆಯಲ್ಲಿವೆ. ದೊಡ್ಡ ತರಗತಿಗೆ ಅವು ಸರಿ. ಒಂದನೇ ತರಗತಿಯ ಮಗುವಿಗೆ ‘ಎರಡನೇ ನಂಬರ್ ದನಿ’ ಎಂದರೆ ಇನ್ನೊಂದು ಬಾಯಿಪಾಠವಾಗುತ್ತದೆ ಅಷ್ಟೆ.

ಮೊದಲ ಎರಡು ದಿನ ಬರೀ ಕಿವಿ ಮತ್ತು ಗಂಟಲಿನ ಆಟ. ಭಜನೆಯ ತಾಳದ ಜೋಡಿಯಲ್ಲಿ ಒಂದನ್ನು ದಾರದಿಂದ ಎತ್ತಿ ಹಿಡಿದು ಒಮ್ಮೆ ತಟ್ಟಿ. ನಾದ ಪೂರ್ತಿ ಅಡಗಿತು ಅನ್ನಿಸಿದಾಗ ಪ್ರತಿ ಮಗು ಒಂದು ಬೆರಳು ಎತ್ತಬೇಕು. ಮೊದಲ ಸಲ ಎಲ್ಲರೂ ಬೇಗ ಎತ್ತುತ್ತಾರೆ, ಮೂರನೆಯ ಸಲಕ್ಕೆ ಕೊನೆಯ ಎಳೆಯವರೆಗೂ ಕಾಯುತ್ತಾರೆ. ಮುಂದೆ ಇದೇ ನಿಮ್ಮ ತರಗತಿಯ ಸನ್ನೆಯಾಗುತ್ತದೆ, ಆದ್ದರಿಂದ ಆಟ ಚೆನ್ನಾಗಿ ಕೂರಲಿ. ಎರಡನೆಯದು, ಕೈ ಎತ್ತರದ ಆಟ. ಎಲ್ಲರೂ ‘ಆ’ ಎಂದು ದನಿ ತೆಗೆಯಲಿ, ನಿಮ್ಮ ಅಂಗೈ ಮೇಲೆ ಹೋದಂತೆ ಏರಲಿ, ಇಳಿದಂತೆ ಇಳಿಯಲಿ. ಮಕ್ಕಳು ಎತ್ತರದ ಸ್ವರಕ್ಕೆ ಹೋಗುತ್ತಾರೆ, ಜೋರು ಎಂದರೆ ಕೀಚಲು ಎಂದುಕೊಳ್ಳುತ್ತಾರೆ. ಆಗ ನೀವೇ ಒಂದೇ ಸ್ವರದಲ್ಲಿ ಜೋರು, ಮೆಲು ಎರಡನ್ನೂ ತೋರಿಸಿ. ಈ ಆಟವನ್ನು ಯಾವಾಗಲೂ ಕೆಳಗೆ ತಂದು ಮುಗಿಸಿ. ಮೇಲೆ ನಿಲ್ಲಿಸಿದರೆ ಮುಂದಿನ ಅರ್ಧ ಗಂಟೆ ಕೋಣೆ ಅಲ್ಲೇ ಇರುತ್ತದೆ.

ಮೂರನೆಯ ಆಟ ಪಿಸುಮಾತು ಮತ್ತು ಮೆಲುದನಿಯ ವ್ಯತ್ಯಾಸ ತಿಳಿಸುವುದು. ಇದನ್ನು ಬಿಡಬೇಡಿ. ಮಕ್ಕಳು ಅಂಗೈಯನ್ನು ಗಂಟಲ ಮೇಲಿಟ್ಟುಕೊಂಡು ‘ಮ್‌ಮ್‌’ ಎನ್ನಲಿ, ಕೈಗೆ ನಡುಕ ಸಿಗುತ್ತದೆ. ಪಿಸುಗುಟ್ಟಲಿ, ನಡುಕ ಇಲ್ಲ. ಈಗ ಮೊಳದ ದನಿಯಲ್ಲಿ ತಮ್ಮ ಹೆಸರು ಹೇಳಲಿ, ಸಣ್ಣ ನಡುಕ ಇರಬೇಕು. ಓದುವ ಕೆಲಸಕ್ಕೆ ಪಿಸುಮಾತು ಬೇಡವೇ ಬೇಡ. ಪಿಸುಗುಟ್ಟುವಾಗ ಗಂಟಲಿನ ದನಿಪಟ್ಟಿಗಳು ಕಂಪಿಸುವುದಿಲ್ಲ. ಕ ಮತ್ತು ಗ, ತ ಮತ್ತು ದ, ಪ ಮತ್ತು ಬ ಇವುಗಳ ನಡುವಿನ ಮುಖ್ಯ ವ್ಯತ್ಯಾಸವೇ ಆ ಕಂಪನ, ಅದು ಹೋದರೆ ಅಕ್ಷರಗಳ ಅಂತರ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ನಲಿ-ಕಲಿಯಲ್ಲಿ ಮೊದಲು ಬರುವ ರ, ಗ, ಸ, ದ, ಅ ಈ ಐದರಲ್ಲೇ ಗ ಮತ್ತು ದ ಇವೆ. ಪಿಸುದನಿಯಲ್ಲಿ ಗರಿಯೂ ಕರಿಯೂ, ದಾಳಿಯೂ ತಾಳಿಯೂ ಒಂದೇ ಆಗಿ ಕೇಳಿದರೆ ಕೇಳಿಸಿಕೊಳ್ಳುವ ಮಗು ತಪ್ಪು ಕಲಿಯುತ್ತದೆ. ಶಿಕ್ಷಕರು ಬಂದಾಗಷ್ಟೇ ಪಿಸುಗುಟ್ಟುವ ತರಗತಿ ಹೊರಗಿನವರಿಗೆ ಶಿಸ್ತಾಗಿ ಕಾಣಬಹುದು, ಒಳಗೆ ಓದು ಕೆಟ್ಟಿರುತ್ತದೆ.

ಮೂರನೆಯ ದಿನದಿಂದ ಮುಖ್ಯ ಅಭ್ಯಾಸ. ಮೂವರ ಗುಂಪು ಮಾಡಿ: ಹೇಳುವವರು, ಕೇಳುವವರು, ಕಾವಲಿನವರು. ಮೊದಲ ದಿನ ಕಾವಲಿಗೆ ಮೂರನೇ ತರಗತಿಯವರನ್ನು ನಿಲ್ಲಿಸಿ. ಮೂವರ ಬಳಿಯೂ ಅವೇ ನಾಲ್ಕು ಪದಕಾರ್ಡುಗಳು, ಉದಾಹರಣೆಗೆ ಸರ, ರಸ, ಅರಸ, ಗರಗಸ. ಇನ್ನೂ ಓದಲು ಬಾರದವರಿಗೆ ಚಿತ್ರಕಾರ್ಡ್ ಆದೀತು. ಹೇಳುವ, ಕೇಳುವ ಮಕ್ಕಳು ಒಂದು ಮೊಳ ದೂರದಲ್ಲಿ ಎದುರುಬದುರು ಕೂತಿರುತ್ತಾರೆ. ಕಾವಲಿನ ಮಗು ಸೀಮೆಸುಣ್ಣದ ಗೆರೆಯಾಚೆ ಅವರಿಗೆ ಬೆನ್ನು ಹಾಕಿ ನಿಲ್ಲುತ್ತದೆ, ತುಟಿ ಕಾಣಬಾರದು. ಹೇಳುವ ಮಗು ಒಂದು ಪದ ಹೇಳುತ್ತದೆ. ಕೇಳಿದ ಮಗು ಆ ಕಾರ್ಡ್ ಎತ್ತುತ್ತದೆ, ಕಾವಲಿನ ಮಗುವೂ ತನಗೆ ಕೇಳಿಸಿದ್ದರೆ ಕಾರ್ಡ್ ಎತ್ತುತ್ತದೆ. ಎದುರಿನವರು ಸರಿಯಾಗಿ ಎತ್ತಿ, ಕಾವಲಿನವರಿಗೆ ಗೊತ್ತಾಗದಿದ್ದರೆ ಅದು ಮೊಳದ ದನಿ. ಎದುರಿನವರೇ ತಪ್ಪು ಎತ್ತಿದರೆ ದನಿ ಸಾಲದು. ಇಬ್ಬರೂ ಸರಿಯಾಗಿ ಎತ್ತಿದರೆ ಹೆಚ್ಚಾಯಿತು. ನಾಲ್ಕರಲ್ಲೊಂದು ಊಹೆಯಿಂದಲೂ ಸರಿಬೀಳಬಹುದಾದ್ದರಿಂದ ಪ್ರತಿಯೊಬ್ಬರಿಗೂ ನಾಲ್ಕು ಸಲ ಕೊಡಿ, ಆಮೇಲೆ ಸ್ಥಾನ ಬದಲಾಯಿಸಿ.

ಈ ಆಟದ ಬೆಲೆ ಇರುವುದು ಎರಡೂ ಕಡೆಯ ಅಳತೆಯಲ್ಲಿ. ಬರೀ ‘ಕಾವಲಿನವರಿಗೆ ಕೇಳಬಾರದು’ ಎಂದಿದ್ದರೆ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ ಅಥವಾ ಪಿಸುಗುಟ್ಟುತ್ತಾರೆ. ಎದುರಿನವರಿಗೆ ಮುಟ್ಟಲೇಬೇಕು ಎಂದಾಗ ಮಗು ತಾನೇ ಹದ ಹುಡುಕುತ್ತದೆ. ಅದು ಮೂರನೆಯ, ನಾಲ್ಕನೆಯ ಪದದ ಹೊತ್ತಿಗೆ ಸಿಗುವುದನ್ನು ನೀವೇ ನೋಡುತ್ತೀರಿ. ಕಾವಲಿನ ದೂರ ಮಾತ್ರ ಸರಿ ಇಡಬೇಕು. ಎಲ್ಲರೂ ನೋಡುತ್ತಿರಲು ಒಂದೇ ಗುಂಪಿನಿಂದ ಮಾಡಿ ತೋರಿಸುವಾಗ ಕೋಣೆ ನಿಶ್ಶಬ್ದವಾಗಿರುತ್ತದೆ, ಆಗ ಒಂದು ಮಾರು ದೂರಕ್ಕೆ ಎಂಥ ಮೆಲುದನಿಯೂ ಕೇಳಿಬಿಡುತ್ತದೆ. ಆ ಹೊತ್ತಿಗೆ ಕಾವಲನ್ನು ಎರಡು ಮಾರು ದೂರ ನಿಲ್ಲಿಸಿ. ಎಲ್ಲ ಗುಂಪುಗಳೂ ಒಟ್ಟಿಗೆ ಆಡುವಾಗ ಉಳಿದವರ ಸದ್ದು ಇರುವುದರಿಂದ ಒಂದು ಮಾರು ಸಾಕು. 28 ಮಕ್ಕಳಿಗೆ ಒಂಬತ್ತು ಗುಂಪುಗಳಾಗಿ ಒಬ್ಬರು ಉಳಿಯುತ್ತಾರೆ, ಅವರು ತಾಳ ಹಿಡಿದು ಆಟ ಶುರು ಮಾಡಿಸಲಿ. ಕೋಣೆ ಚಿಕ್ಕದಾದರೆ ನಾಲ್ಕು ಗುಂಪುಗಳನ್ನು ಬಾಗಿಲಿನಾಚೆ ಜಗಲಿಗೆ ಕಳಿಸಿ.

ಇಷ್ಟು ಕೂತ ಮೇಲೆ, ಅಂದರೆ ಸುಮಾರು ಆರನೆಯ ದಿನ, ಅದನ್ನು ನಿಜವಾದ ಕಾರ್ಡ್ ಕೆಲಸಕ್ಕೆ ತನ್ನಿ. ಮೊದಲು ಐದೇ ನಿಮಿಷ. ‘ಈಗ ಮೊಳದ ದನಿ’ ಎಂದು ಹೇಳಿ, ಒಂದು ಕೈ ಮೊಣಕೈವರೆಗೆ ಎತ್ತಿ ತೋರಿಸಿ, ಶುರು ಮಾಡಿಸಿ. ಐದು ನಿಮಿಷ ತುಂಬುವ ಮೊದಲೇ, ಇನ್ನೂ ಚೆನ್ನಾಗಿ ನಡೆಯುತ್ತಿರುವಾಗಲೇ ತಾಳ ತಟ್ಟಿ ನಿಲ್ಲಿಸಿ. ಕೆಟ್ಟ ಮೇಲೆ ನಿಲ್ಲಿಸಿದರೆ ತಾಳ ಬೈಗುಳವಾಗುತ್ತದೆ. ಮರುದಿನ ಎಂಟು ನಿಮಿಷ, ಆಮೇಲೆ ಹನ್ನೆರಡು, ಹದಿನೈದು. ಹದಿನೈದು ನಿಮಿಷಕ್ಕಿಂತ ಮುಂದೆ ಒಂದನೇ ತರಗತಿಯವರಿಂದ ನಿರೀಕ್ಷಿಸಬೇಡಿ. ಮಧ್ಯೆ ಒಂದು ಅಭಿನಯ ಗೀತೆ ಹಾಡಿಸಿ ಬಯಲ ದನಿಗೆ ದಾರಿ ಬಿಟ್ಟು, ಮತ್ತೆ ಕೂರಿಸಿ.

ತಾಳವನ್ನು ಜೋಪಾನವಾಗಿ ಬಳಸಿ. ದಿನಕ್ಕೆ ಆರೆಂಟು ಸಲ ಮೀರಿದರೆ ಕಿವಿಗಳು ಅದನ್ನು ಬಿಟ್ಟುಬಿಡುತ್ತವೆ. ತಟ್ಟಿದ ಮೇಲೆ ನಾದ ಅಡಗುವವರೆಗೆ ಕಾಯಿರಿ, ಎಲ್ಲರ ಬೆರಳು ಮೇಲಾಗುವವರೆಗೆ ಕಾಯಿರಿ. ಮೊದಮೊದಲು ಇಪ್ಪತ್ತು ಸೆಕೆಂಡ್ ಹಿಡಿಯುತ್ತದೆ, ಅದು ನಿಮಗೆ ಬಹಳ ಉದ್ದ ಅನ್ನಿಸುತ್ತದೆ. ಅರ್ಧ ಕೋಣೆ ಸುಮ್ಮನಾದ ಕೂಡಲೇ ನೀವು ಮಾತು ಶುರು ಮಾಡಿದರೆ, ಉಳಿದರ್ಧಕ್ಕೆ ಸನ್ನೆ ಲೆಕ್ಕಕ್ಕಿಲ್ಲ ಎಂದು ನೀವೇ ಕಲಿಸಿದಂತಾಯಿತು. ‘ಒಂದು, ಎರಡು, ಮೂರು, ಸೈಲೆಂಟ್’ ಎಂದು ಕೂಗುವ ರೂಢಿ ಇದ್ದರೆ ಬಿಟ್ಟುಬಿಡಿ, ಗದ್ದಲದ ಮೇಲೆ ಗದ್ದಲ ಹೇರಿದಂತೆ ಅದು. ಲಯಕ್ಕೆ ತಕ್ಕಂತೆ ತಟ್ಟಿಸುವ ಚಪ್ಪಾಳೆಯೂ ಅಷ್ಟೇ. ಚಪ್ಪಾಳೆ ಮಕ್ಕಳನ್ನು ಎಚ್ಚರಿಸಲು ಚೆನ್ನ, ತಣಿಸಲು ಅಲ್ಲ, ಪಕ್ಕದ ಸರ್‌ಗೂ ಅದು ಕೇಳುತ್ತದೆ.

ನೀವು ಮಾಡಿ ನೋಡಿದ ಎರಡು ಉಪಾಯಗಳ ಬಗ್ಗೆ. ಬಾಯಿ ಮೇಲೆ ಬೆರಳು ಮಗುವನ್ನು ಸುಮ್ಮನಿರಿಸುತ್ತದೆ, ಮಾತಾಡುವಾಗ ದನಿ ಎಷ್ಟಿರಬೇಕು ಎಂಬುದನ್ನು ಕಲಿಸುವುದಿಲ್ಲ. ಬೆರಳು ತೆಗೆದ ತಕ್ಷಣ ಮಗುವಿಗೆ ಗೊತ್ತಿರುವುದು ಹಳೆಯ ದನಿಯೊಂದೇ. ಬೋರ್ಡಿನ ಮೇಲೆ ಹೆಸರು ಬರೆಸುವುದು ಇನ್ನೂ ಕೆಟ್ಟದ್ದು. ಲೀಡರ್ ಆದವನು ‘ಏಯ್, ಸುಮ್ಕಿರ್ರೋ’ ಎಂದು ಕೂಗುವ ಸದ್ದೇ ಎಲ್ಲಕ್ಕಿಂತ ದೊಡ್ಡದು, ‘ನಾ ಮಾತಾಡಿಲ್ಲ’ ಎಂಬ ಜಗಳ ಅದರ ಹಿಂದೆಯೇ ಬರುತ್ತದೆ. ದಿನಾ ಅದೇ ನಾಲ್ಕು ಹೆಸರುಗಳು ಬೋರ್ಡಿನ ಮೇಲೆ ನಿಂತರೆ, ಆ ಮಕ್ಕಳು ತಾವು ಅಂಥವರೇ ಎಂದು ನಂಬಿಬಿಡುತ್ತಾರೆ. ಆರು ವರ್ಷದ ಮಗುವಿಗೆ ಆ ಹಣೆಪಟ್ಟಿ ಅನ್ಯಾಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ ಎಂಬುದೂ ನೆನಪಿರಲಿ. ಒಬ್ಬರ ಗಲಾಟೆಗೆ ಇಡೀ ತಟ್ಟೆಯ ಸ್ಟಾರ್ ಕಸಿಯುವುದೂ ಬೇಡ.

ತಿದ್ದುವಾಗ ದೂರದಿಂದ ಹೆಸರು ಕರೆಯದೆ ಎದ್ದು ಹೋಗಿ. ಮಗುವಿನ ಎತ್ತರಕ್ಕೆ ಕೂತು, ನೀವೂ ಮೊಳದ ದನಿಯಲ್ಲೇ ‘ನಿನ್ನ ಮಾತು ಬಾಗಿಲ ಹತ್ರಕ್ಕೆ ಬಂತು, ಇಲ್ಲಿ ಸವಿತಾಗಷ್ಟೇ ಕೇಳಿದರೆ ಸಾಕು’ ಎನ್ನಿ. ದನಿ ಎಲ್ಲಿಗೆ ಹೋಯಿತು, ಎಲ್ಲಿಗೆ ಸಾಕು, ಎರಡೇ ಸಂಗತಿ. ‘ಗಲಾಟೆ ಮಾಡಬೇಡ’ ಎಂದರೆ ಮಗುವಿಗೆ ಮಾಡಬೇಕಾದ್ದೇನು ಎಂದು ತಿಳಿಯುವುದಿಲ್ಲ. ಸರಿಯಾಗಿ ಮಾಡಿದಾಗಲೂ ಅದೇ ರೀತಿ ಹೇಳಿ: ‘ನೀನು ಓದಿದ್ದು ಅವಳಿಗೆ ಪೂರ್ತಿ ಕೇಳಿಸ್ತು, ಪಕ್ಕದ ತಟ್ಟೆಗೆ ಹೋಗಲೇ ಇಲ್ಲ.’ ‘ಗುಡ್’ ಎಂಬ ಒಂದು ಮಾತಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಸದ್ದಿನ ಇನ್ನೊಂದು ದೊಡ್ಡ ಮೂಲವನ್ನು ಶಿಕ್ಷಕರು ಲೆಕ್ಕಕ್ಕೆ ಹಿಡಿಯುವುದು ಕಡಿಮೆ: ನಿಮ್ಮನ್ನು ಕರೆಯುವ ಕೂಗು. ‘ಟೀಚರ್ರೀ, ನಂದ್ ಮುಗೀತ್ರೀ’, ‘ಟೀಚರ್ರೀ, ಇಂವ ನನ್ನ ಪೆನ್ಸಿಲ್ ತಗೊಂಡಾನ್ರೀ’ ಎಂದು ಐದೂ ತಟ್ಟೆಗಳಿಂದ ಗೋಡೆಯ ದನಿಯಲ್ಲಿ ಬರುವ ಕರೆಗಳೇ ಉಳಿದವರ ದನಿಯನ್ನು ಏರಿಸುತ್ತವೆ. ಪ್ರತಿ ತಟ್ಟೆಗೂ ಒಂದು ಕೆಂಪು ಬಾಟಲಿ ಮುಚ್ಚಳ ಕೊಡಿ. ನೆರವು ಬೇಕಾದವರು ಅದನ್ನು ತಮ್ಮ ಕಾರ್ಡಿನ ಮೇಲೆ ಇಟ್ಟುಕೊಳ್ಳಲಿ. ನೀವು ಬರುವವರೆಗೆ ಮಾಡಲು ಕೆಲಸ ಇರಬೇಕು, ಹಿಂದೆ ಮುಗಿಸಿದ ಕಾರ್ಡನ್ನೇ ಮತ್ತೊಮ್ಮೆ ಓದಬಹುದು ಅಥವಾ ಗೋಡೆಯ ಕೆಳಹಲಗೆಯಲ್ಲಿ ಬರೆಯಬಹುದು. ಕೆಲಸವಿಲ್ಲದೆ ಕಾಯುವ ಮಗು ಎರಡು ನಿಮಿಷ ಮೀರಿದರೆ ಕೂಗಿಯೇ ಕೂಗುತ್ತದೆ, ತಪ್ಪು ಅದರದಲ್ಲ. ಮುಚ್ಚಳ ಇಟ್ಟ ತಟ್ಟೆಗೆ ನೀವು ನಿಜವಾಗಿಯೂ ಹೋಗಬೇಕು, ಕೂಗಿದವರ ಕಡೆಗೆ ಮೊದಲು ಓಡಬಾರದು. ಒಂದು ವಾರ ಇದನ್ನು ತಪ್ಪದೆ ಪಾಲಿಸಿದರೆ ಕರೆಗಳು ತಾವಾಗಿ ಇಳಿಯುತ್ತವೆ.

ಕೋಣೆಯ ಕಡೆಗೂ ಗಮನ ಬೇಕು. ಶನಿವಾರ ಮಕ್ಕಳು ಹೋದ ಮೇಲೆ ಖಾಲಿ ಕೋಣೆಯ ನಡುವೆ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದಿನ ಬಾಲ ಉಳಿದು ಕೇಳಿಸಿದರೆ ಸಿಮೆಂಟ್ ನೆಲ, ಗಿಲಾವು ಗೋಡೆ, ಆರ್‌ಸಿಸಿ ಚಾವಣಿ ಮಕ್ಕಳ ಮಾತನ್ನು ಮತ್ತೆ ಮತ್ತೆ ಹಿಂದಕ್ಕೆ ತಳ್ಳುತ್ತಿವೆ ಎಂದರ್ಥ. ಪಾಠದ ಹೊತ್ತಿನಲ್ಲಿ ತರಗತಿಯ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿತು. ಮಕ್ಕಳಿಗೆ ಪಾಠ ಸ್ಪಷ್ಟವಾಗಿ ಮುಟ್ಟಲು ಶಿಕ್ಷಕರ ಮಾತು ಸುತ್ತಲ ಸದ್ದಿಗಿಂತ 15 ಡೆಸಿಬೆಲ್ ಮೇಲಿರಬೇಕು ಎಂಬುದು ಶ್ರವಣ ತಜ್ಞರ ಸಾಮಾನ್ಯ ಅಳತೆ. ಸದ್ದು 55 ಇದ್ದರೆ ನೀವು 70ರಲ್ಲಿ ಮಾತಾಡಬೇಕು, ಅಂದರೆ ದಿನವಿಡೀ ಕೂಗಬೇಕು. ನಿಮ್ಮ ಗಂಟಲು ಕಟ್ಟುವುದಕ್ಕೆ ಕಾರಣ ಇಲ್ಲಿದೆ.

ದುಡ್ಡಿಲ್ಲದೆ ಆಗುವ ಕೆಲಸಗಳಿವೆ. ನಿಮ್ಮ ಕಡೆ ಮನೆಮನೆಯಲ್ಲಿ ಹಳೆಯ ಕೌದಿಗಳಿರುತ್ತವೆ. ದಪ್ಪನೆಯ ಎರಡು ಕೌದಿಗಳನ್ನು ಅಕ್ಕಪಕ್ಕದ ಎರಡು ಗೋಡೆಗಳ ಮೇಲೆ, ಗೋಡೆಗೆ ಅಂಟಿಸದೆ ಎರಡು ಮೂರು ಇಂಚು ಬಿಟ್ಟು ತೂಗುಹಾಕಿ. ಹಿಂದೆ ಗಾಳಿಗೆ ಜಾಗ ಇದ್ದರೆ ಬಟ್ಟೆ ಸದ್ದನ್ನು ಹೆಚ್ಚು ಹೀರುತ್ತದೆ. ಎದುರುಬದುರು ಗೋಡೆಗಳೆರಡೂ ಬರಿದಾಗಿರಬಾರದು ಎಂಬುದೇ ಅಕ್ಕಪಕ್ಕದ ಗೋಡೆ ಆರಿಸುವ ಕಾರಣ. ತಟ್ಟೆಗಳ ಕೆಳಗೆ ಜಮಖಾನ ಹಾಸಿದರೆ ಕಂಪಾಸ್ ಪೆಟ್ಟಿಗೆ, ಸ್ಟೀಲ್ ನೀರಿನ ಬಾಟಲಿ ಬೀಳುವ ಸದ್ದು ಸಾಯುತ್ತದೆ. ಮಕ್ಕಳ ಕೆಲಸಗಳನ್ನು ತೂಗುಹಾಕಲು ತಲೆಯ ಮೇಲೆ ಕಟ್ಟಿದ ಚಪ್ಪರದ ದಾರಕ್ಕೆ ಕಾಗದದ ಜೊತೆ ಬಟ್ಟೆಯ ಕೆಲಸಗಳನ್ನೂ ನೇತುಹಾಕಿ. ಕಾಗದದ ಚಾರ್ಟುಗಳಿಂದ ಅಂಥ ಉಪಯೋಗವಿಲ್ಲ. ಮೊಟ್ಟೆ ಟ್ರೇಗಳನ್ನು ಗೋಡೆಗೆ ಅಂಟಿಸುವ ಸಲಹೆ ಎಲ್ಲೆಡೆ ಓಡಾಡುತ್ತದೆ, ದಯವಿಟ್ಟು ಬೇಡ. ತೆಳು ರಟ್ಟು ಹೀರುವ ಸದ್ದು ತೀರಾ ಕಡಿಮೆ, ಧೂಳು ತುಂಬುತ್ತದೆ, ಬೆಂಕಿಗೆ ಒಳ್ಳೆಯ ಸೌದೆ. ಕುರ್ಚಿ, ಮೇಜಿನ ಕಾಲುಗಳಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಕಟ್ಟಿ. ಗಡಗಡ ಎನ್ನುವ ಫ್ಯಾನ್ ಇದ್ದರೆ ರಿಪೇರಿ ಆಗುವವರೆಗೆ ಓದುವ ಹೊತ್ತಿಗೆ ನಿಲ್ಲಿಸಿ. ತಗಡಿನ ಚಾವಣಿಯ ಕೋಣೆಯಾದರೆ ಜೋರು ಮಳೆಯಲ್ಲಿ ಯಾವ ದನಿ ಪಾಠವೂ ನಡೆಯದು, ಆ ಅರ್ಧ ಗಂಟೆ ಚಿತ್ರ, ಬರವಣಿಗೆ, ಲೆಕ್ಕದ ಮಣಿಗಳ ಕೆಲಸ ಕೊಡಿ.

ಮೊಬೈಲಿನ ಸದ್ದು ಅಳೆಯುವ ಆ್ಯಪ್‌ಗಳ ಅಂಕಿ ನಿಖರ ಇರುವುದಿಲ್ಲ. ಆದರೂ ಒಂದೇ ಫೋನನ್ನು ಒಂದೇ ಮೂಲೆಯಲ್ಲಿಟ್ಟು ಈ ಸೋಮವಾರಕ್ಕೂ ಮುಂದಿನ ಸೋಮವಾರಕ್ಕೂ ಹೋಲಿಸಿಕೊಳ್ಳಲು ಸಾಕು. ಪರದೆಯನ್ನು ಮಕ್ಕಳಿಗೆ ತೋರಿಸಬೇಡಿ. ಕೆಂಪು ದೀಪ ಹತ್ತಿಸಲೆಂದೇ ಕಿರುಚುತ್ತಾರೆ.

ಇಷ್ಟೆಲ್ಲ ಆದ ಮೇಲೂ ಒಂದಿಬ್ಬರ ದನಿ ಇಳಿಯದಿದ್ದರೆ ಮೊದಲು ಕಿವಿಯ ಬಗ್ಗೆ ಯೋಚಿಸಿ. ತನ್ನ ದನಿಯೇ ತನಗೆ ಸರಿಯಾಗಿ ಕೇಳದ ಮಗು ಜೋರಾಗಿ ಮಾತಾಡುತ್ತದೆ. ಹಿಂದಿನಿಂದ ಕರೆದರೆ ತಿರುಗದಿರುವುದು, ಪದೇ ಪದೇ ‘ಆಂ?’ ಎನ್ನುವುದು, ನಿಮ್ಮ ತುಟಿಯನ್ನೇ ನೋಡುವುದು, ಒಂದೇ ಕಿವಿಯನ್ನು ಮುಂದೆ ಮಾಡುವುದು, ಕಿವಿ ಸೋರುವುದು, ನೆಗಡಿ ಬಿಡದಿರುವುದು ಗುರುತುಗಳು. ಕಾವಲು ಆಟದಲ್ಲೂ ಇದು ಸಿಕ್ಕಿಬೀಳುತ್ತದೆ: ಬೇರೆ ಬೇರೆಯವರು ಹೇಳಿದರೂ ಎದುರಿಗೆ ಕೂತ ಒಂದೇ ಮಗು ಮತ್ತೆ ಮತ್ತೆ ತಪ್ಪು ಕಾರ್ಡ್ ಎತ್ತುತ್ತಿದ್ದರೆ ಬರೆದಿಟ್ಟುಕೊಳ್ಳಿ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೆ ಆ ಹೆಸರನ್ನು ಕೊಡಿ, ಅವರು ನೋಡುವ ತೊಂದರೆಗಳಲ್ಲಿ ಶ್ರವಣ ದೋಷವೂ ಸೇರಿದೆ. ತಂಡ ಬರುವುದು ತಡವಾದರೆ ಪೋಷಕರಿಗೆ ಹೇಳಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿ. ಮನೆಯಲ್ಲಿ ಕಿವಿಗೆ ಎಣ್ಣೆ ಬಿಡಬಾರದು ಎಂದೂ ಹೇಳಿ. ಅಲ್ಲಿಯವರೆಗೆ ಆ ಮಗು ನಿಮ್ಮ ಹತ್ತಿರ, ನಿಮ್ಮ ಮುಖ ಕಾಣುವಂತೆ ಕೂರಲಿ. ಮೂರು ವಾರ ಕಳೆದರೂ ದನಿ ಒಡೆದಂತಿರುವ ಮಗುವನ್ನೂ ಗಂಟಲ ವೈದ್ಯರು ನೋಡಬೇಕು, ಕಿರುಚಿ ಕಿರುಚಿ ದನಿಪಟ್ಟಿಗಳ ಮೇಲೆ ಗಂಟಾಗುವುದು ಮಕ್ಕಳಲ್ಲಿ ಅಪರೂಪವಲ್ಲ.

ಹೊಲದಲ್ಲಿ ಈ ಬದುವಿನಿಂದ ಆ ಬದುವಿಗೆ ಮಾತಾಡುವ ಮನೆಯ ಮಕ್ಕಳ ದನಿ ಸಹಜವಾಗಿ ದೊಡ್ಡದು. ಅದು ಕೆಟ್ಟ ಅಭ್ಯಾಸ ಎಂದು ಎಂದೂ ಹೇಳಬೇಡಿ. ಅಲ್ಲಿ ಬಯಲ ದನಿ ಬೇಕು, ಇಲ್ಲಿ ಮೊಳದ ದನಿ ಬೇಕು, ಎರಡೂ ಬಂದರೆ ಒಳ್ಳೆಯದು ಎಂದಷ್ಟೇ ಹೇಳಿ. ಇದರ ಇನ್ನೊಂದು ಮಗ್ಗುಲಿನಲ್ಲಿ, ಮೊದಲೇ ಬಾಯಿ ಬಿಡದ ಮಕ್ಕಳಿದ್ದಾರೆ. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡಿ ಬಂದು, ಕನ್ನಡ ಇನ್ನೂ ನಾಲಿಗೆಗೆ ಹತ್ತದವರು ಅವರಲ್ಲಿ ಹೆಚ್ಚು. ಮೆಲುದನಿಯ ಪಾಠ ಅವರನ್ನು ಪೂರ್ತಿ ಅಡಗಿಸಿಬಿಡುವ ಅಪಾಯ ನಿಜಕ್ಕೂ ಇದೆ. ಆದ್ದರಿಂದ ವಾರಕ್ಕೆರಡು ಸಲ ಗೋಡೆಯ ದನಿಯ ಅಭ್ಯಾಸವನ್ನೂ ಇಟ್ಟುಕೊಳ್ಳಿ. ಮಗು ಒಂದು ಗೋಡೆಗೆ ನಿಂತು, ಎದುರು ಗೋಡೆಯಲ್ಲಿ ನಿಂತ ಗೆಳತಿಗೆ ಕೇಳುವಂತೆ ಒಂದು ವಾಕ್ಯ ಹೇಳಲಿ. ಬೆಳಗಿನ ಪ್ರಾರ್ಥನೆಯಲ್ಲಿ ಇವತ್ತಿನ ವಾರ, ತಾರೀಖು ಹೇಳುವ ಸರದಿ ಆ ಮಕ್ಕಳಿಗೂ ಬರಲಿ.

ನಿಮ್ಮ ಗಂಟಲಿಗೆ ಒಂದೆರಡು ಮಾತು. ಇಡೀ ತರಗತಿಗೆ ಹೇಳುವ ಸೂಚನೆಗಳನ್ನು ತಾಳದ ನಂತರದ ನಿಶ್ಶಬ್ದದಲ್ಲೇ, ಒಂದೇ ಸಲ ಹೇಳಿ, ಉಳಿದದ್ದನ್ನೆಲ್ಲ ತಟ್ಟೆಗೆ ಹೋಗಿ ಹೇಳಿ. ಮೇಜಿನ ಮೇಲೆ ನೀರು ಇರಲಿ. ಗಂಟಲು ಕಟ್ಟಿದ ದಿನ ಪಿಸುಗುಟ್ಟಿ ಪಾಠ ಮಾಡಬೇಡಿ, ಒತ್ತಿ ಪಿಸುಗುಟ್ಟುವುದೂ ಗಂಟಲಿಗೆ ಶ್ರಮವೇ. ಬದಲಿಗೆ ಆ ದಿನ ಸ್ವ-ಕಲಿಕೆ, ಬರವಣಿಗೆ ಹೆಚ್ಚಿಸಿ. ಮೂರು ವಾರ ದಾಟಿಯೂ ದನಿ ಸರಿಯಾಗದಿದ್ದರೆ ತಪಾಸಣೆಗೆ ಹೋಗಿ.

ಪಕ್ಕದ ತರಗತಿಯ ಸರ್ ಮತ್ತು ಮುಖ್ಯ ಶಿಕ್ಷಕರಿಗೆ ಈಗಲೇ ವಿಷಯ ತಿಳಿಸಿ: ಎರಡು ವಾರ ಈ ಅಭ್ಯಾಸ ನಡೆಯುತ್ತದೆ, ಮೊದಲ ವಾರ ಸದ್ದು ಇಳಿಯುವ ಬದಲು ಆಟದ ಉತ್ಸಾಹಕ್ಕೆ ಸ್ವಲ್ಪ ಏರಲೂಬಹುದು. ಸರ್ ತಮ್ಮ ತರಗತಿಯ ಮೌನ ಓದನ್ನು ನಿಮ್ಮ ಹಾಡಿನ ಸಮಯಕ್ಕೆ ಇಟ್ಟುಕೊಳ್ಳದಂತೆ ಇಬ್ಬರೂ ಕೂತು ವೇಳಾಪಟ್ಟಿ ನೋಡಿಕೊಳ್ಳಿ. ಅತಿ ಹೆಚ್ಚು ಗದ್ದಲ ಬರುವುದು ಆಟದಿಂದ, ಬಿಸಿಯೂಟದಿಂದ ಒಳಗೆ ಬಂದ ಮೊದಲ ಐದು ನಿಮಿಷದಲ್ಲಿ. ನೀರು ಕುಡಿಸಿ, ಕೂರಿಸಿ, ಒಂದು ಸಲ ತಾಳ ಕೇಳಿಸಿಯೇ ಕಾರ್ಡ್ ಕೊಡಿ. ದಸರಾ ರಜೆಯ ನಂತರ, ಬೇಸಿಗೆ ರಜೆಯ ನಂತರ ಎಲ್ಲವೂ ಮಸುಕಾಗಿರುತ್ತದೆ. ಆಗ ಮೂವರ ಗುಂಪಿನ ಆಟವನ್ನು ಎರಡು ಮೂರು ದಿನ ಮತ್ತೆ ಆಡಿಸಿ. ಜೂನ್‌ನಲ್ಲಿ ಹೊಸದಾಗಿ ಬರುವ ಒಂದನೇ ತರಗತಿಯವರಿಗೆ ಸೀಮೆಸುಣ್ಣದ ಗೆರೆ ಎಳೆದು ಮೊಳದ ದನಿ ತೋರಿಸುವ ಕೆಲಸವನ್ನು ಎರಡು, ಮೂರನೇ ತರಗತಿಯವರಿಗೇ ವಹಿಸಬಹುದು.